ಕಳ್ಳನ ಸಿನಿಮಾಕ್ಕೆ ಸರ್ಕಾರ ಹೆದರಿದ್ದೇಕೆ?

1906ರ ಡಿಸೆಂಬರ್ 26. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಅಥೀನಿಯಂ ಹಾಲ್‌ನಲ್ಲಿ 'ದಿ ಸ್ಟೋರಿ ಆಫ್ ದ ಕೆಲ್ಲಿ ಗ್ಯಾಂಗ್' ಬಿಡುಗಡೆಯಾಯಿತು. ಆಗಿನ ಸಿನಿಮಾಗಳು ಕೆಲವೇ ನಿಮಿಷದಲ್ಲಿ ಮುಗಿಯುತ್ತಿದ್ದವು. ಚಾರ್ಲ್ಸ್ ಟೇಟ್ ನಿರ್ದೇಶಿಸಿದ ಈ ಮೂಕಿ ಚಿತ್ರ ಒಂದು ಗಂಟೆಗೂ ಜಾಸ್ತಿ ಓಡಿತು. ಜಗತ್ತಿನ ಮೊದಲ ಪೂರ್ಣಾವಧಿ ಕಥಾಚಿತ್ರ ಇದೇ ಎನ್ನುತ್ತಾರೆ. ಪರದೆಯ ಹಿಂದೆ ಹುಡುಗರು ಕುಳಿತು ತೆಂಗಿನ ಚಿಪ್ಪು ಬಡಿದು ಕುದುರೆಯ ಗೊರಸಿನ ಸದ್ದು ಕೊಡುತ್ತಿದ್ದರು.

ಕತೆ ನೆಡ್ ಕೆಲ್ಲಿ ಎಂಬ ಬುಷ್‌ರೇಂಜರ್‌ನದು. ಕಾಡಿನಲ್ಲಿ ಅಡಗಿ ದರೋಡೆ ಮಾಡುವವರನ್ನು ಅಲ್ಲಿ ಬುಷ್‌ರೇಂಜರ್ ಅಂತಾರೆ. 1878ರಲ್ಲಿ ಅವನ ತಂಡ ಸ್ಟ್ರಿಂಗಿಬಾರ್ಕ್ ಕ್ರೀಕ್‌ನಲ್ಲಿ ಮೂವರು ಪೊಲೀಸರನ್ನು ಕೊಂದಿತು. ಆಮೇಲೆ ಬ್ಯಾಂಕುಗಳನ್ನು ದೋಚಿತು. 1880ರ ಜೂನ್‌ನಲ್ಲಿ ಗ್ಲೆನ್‌ರೋವನ್‌ನಲ್ಲಿ ಪೊಲೀಸರು ಸುತ್ತುವರಿದಾಗ, ನೇಗಿಲಿನ ಕಬ್ಬಿಣ ಬಡಿದು ಮಾಡಿದ ಕವಚ ತೊಟ್ಟು ನೆಡ್ ಎದುರು ಬಂದ. ಕಾಲಿಗೆ ಕವಚ ಇರಲಿಲ್ಲ. ಗುಂಡು ಅಲ್ಲಿಗೇ ಬಿತ್ತು. ನವೆಂಬರ್ 11ರಂದು ಅವನನ್ನು ಗಲ್ಲಿಗೇರಿಸಿದರು.

ಸಿನಿಮಾ ಬಂದಾಗ ಇದೆಲ್ಲ ನಡೆದು 26 ವರ್ಷವಷ್ಟೇ ಆಗಿತ್ತು. ನೆಡ್‌ನ ತಾಯಿ ಎಲೆನ್ ಇನ್ನೂ ಬದುಕಿದ್ದಳು. ಬಡ ರೈತರ ಪಾಲಿಗೆ ಅವನು ತಮ್ಮ ಸಿಟ್ಟಿಗೆ ಬಾಯಿ ಕೊಟ್ಟವನು. ಪೊಲೀಸರ ಪಾಲಿಗೆ ಕೊಲೆಗಾರ. 1907ರಲ್ಲಿ ಕೆಲ್ಲಿ ಓಡಾಡಿದ ಸೀಮೆಯ ಬೆನಲ್ಲಾ, ವಾಂಗರಾಟಾ ಊರುಗಳಲ್ಲಿ ಪ್ರದರ್ಶನ ನಿಷೇಧಿಸಿದರು. ಸತ್ತ ಪೊಲೀಸರ ಮನೆಯವರ ನೋವು ಸುಳ್ಳಲ್ಲ. ಅದನ್ನು ಮರೆತು ಈ ಕತೆ ಹೇಳಬಾರದು.

ಆದರೆ ಬೇರೆ ಊರುಗಳಲ್ಲಿ ಚಿತ್ರ ಚೆನ್ನಾಗಿ ಓಡಿತು. ಬುಷ್‌ರೇಂಜರ್ ಚಿತ್ರಗಳು ಸಾಲುಸಾಲಾಗಿ ಬಂದವು. ಆಗ ರಾಜ್ಯ ಸರ್ಕಾರಗಳು ಒಂದೊಂದಾಗಿ ಇಂಥ ಚಿತ್ರಗಳಿಗೆ ಬಾಗಿಲು ಮುಚ್ಚಿದವು: 1911ರಲ್ಲಿ ದಕ್ಷಿಣ ಆಸ್ಟ್ರೇಲಿಯಾ, 1912ರಲ್ಲಿ ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್. ಕಾನೂನು ಮುರಿಯುವವರನ್ನು ಹೀರೊ ಮಾಡ್ತಾರೆ, ಪೊಲೀಸರನ್ನು ಪೆದ್ದರಂತೆ ತೋರಿಸ್ತಾರೆ ಎಂಬುದು ಆಕ್ಷೇಪ. ಆಗತಾನೆ ಕಣ್ಣು ಬಿಡುತ್ತಿದ್ದ ಚಿತ್ರರಂಗಕ್ಕೆ ಅದರದೇ ನೆಲದ, ಜನ ಮುಗಿಬಿದ್ದು ನೋಡುತ್ತಿದ್ದ ಕತೆಯೇ ಕೈತಪ್ಪಿತು. ನನಗೆ ಇದು ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ.

ಈಗ ಉಳಿದಿರುವುದು ಸುಮಾರು 17 ನಿಮಿಷ. 2006ರಲ್ಲಿ ಅದನ್ನು ಸರಿಪಡಿಸಿದರು. 2007ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಕೊನೆಯ ಕಾಳಗದ ತುಣುಕನ್ನು ನೋಡಿ. ಕವಚ ತೊಟ್ಟ ನೆಡ್ ಗುಂಡು ಹಾರಿಸುತ್ತಾ ನಮ್ಮತ್ತಲೇ ನಡೆದು ಬರುತ್ತಾನೆ. ಫಿಲ್ಮ್ ಕೊಳೆತು ಎದ್ದ ಕಲೆಗಳು ಅವನ ಸುತ್ತ ಹೊಗೆಯಂತೆ ಕುಣಿಯುತ್ತವೆ. ಅವನು ಮಾತ್ರ ನಿಲ್ಲುವುದಿಲ್ಲ.