ಪದ ಪರಿಚಯ: ಸುಧಾರಿತ ಅಧಿಕಬಲದ ಉಕ್ಕು

ಹೊಸ ಕಾರು ನೋಡಲು ಷೋರೂಮಿಗೆ ಹೋದವರಲ್ಲಿ ಅನೇಕರು ಬಾಗಿಲಿನ ತಗಡನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾರೆ. ಸದ್ದು ಗಟ್ಟಿಯಾಗಿ ಬಂದರೆ ಗಾಡಿ ಭದ್ರ, ಖಾಲಿ ಡಬ್ಬದಂತೆ ಬಂದರೆ ನಂಬುವಂಥದ್ದಲ್ಲ ಎಂದು ತೀರ್ಮಾನಿಸುತ್ತಾರೆ. ಹಾಗೆ ಕುಟ್ಟಿದ್ದು ಮುಕ್ಕಾಲು ಮಿಲಿಮೀಟರಿನ ಆಸುಪಾಸು ದಪ್ಪದ ಹೊರಹೊದಿಕೆ ಮಾತ್ರ. ಅಪಘಾತದಲ್ಲಿ ಒಳಗಿರುವವರನ್ನು ಕಾಯುವ ಲೋಹ ಅದರ ಹಿಂದೆ, ಬೆರಳಿಗೂ ಕಿವಿಗೂ ಸಿಗದ ಜಾಗದಲ್ಲಿರುತ್ತದೆ. ಕಾರು ಕಂಪನಿಗಳ ಪ್ರಚಾರದಲ್ಲಿ ‘ಎಎಚ್‌ಎಸ್‌ಎಸ್’, ಅಂದರೆ ‘ಅಡ್ವಾನ್ಸ್‌ಡ್ ಹೈ ಸ್ಟ್ರೆಂತ್ ಸ್ಟೀಲ್’ ಎಂದು ಕಾಣಿಸುವುದು ಈ ಲೋಹವೇ. ಕನ್ನಡದಲ್ಲಿ ಇದನ್ನು ಸುಧಾರಿತ ಅಧಿಕಬಲದ ಉಕ್ಕು ಎನ್ನಬಹುದು.

ಇಲ್ಲಿ ‘ಬಲ’ ಎಂದರೆ ಏನೆಂಬುದನ್ನು ಮೊದಲು ನೋಡೋಣ. ಉಕ್ಕಿನ ಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಹಿಡಿದು ಎಳೆಯುತ್ತ ಹೋದಾಗ ಹರಿಯುವ ಮುನ್ನ ಅದು ತಾಳಿಕೊಳ್ಳುವ ಗರಿಷ್ಠ ಎಳೆತವನ್ನು ಎಂಜಿನಿಯರುಗಳು ಟೆನ್ಸೈಲ್ ಸ್ಟ್ರೆಂತ್ ಎಂದು ಕರೆದು ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರ್ ದಪ್ಪ, ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದು 300 ಮೆಗಾಪ್ಯಾಸ್ಕಲ್‌ನ ಸಾಮಾನ್ಯ ಮೆದು ಉಕ್ಕಿನದಾದರೆ ಸುಮಾರು 300 ಕಿಲೋ ತೂಕವನ್ನು ಹೊರಬಲ್ಲದು. 1500 ಮೆಗಾಪ್ಯಾಸ್ಕಲ್‌ನ ಉಕ್ಕಿನದಾದರೆ ಒಂದೂವರೆ ಟನ್, ಅಂದರೆ ಒಂದು ಇಡೀ ಕಾರನ್ನೇ ಆ ಸಣ್ಣ ಪಟ್ಟಿಗೆ ತೂಗುಹಾಕಬಹುದು.

ಆದರೆ ಹೆಚ್ಚು ಬಲವಿದ್ದ ಮಾತ್ರಕ್ಕೆ ಉಕ್ಕು ‘ಸುಧಾರಿತ’ ಎನಿಸಿಕೊಳ್ಳುವುದಿಲ್ಲ, ಮತ್ತು ಈ ಪದದ ಬಗ್ಗೆ ಗೊಂದಲ ಹುಟ್ಟುವುದು ಇಲ್ಲಿಯೇ. ನಿಯೋಬಿಯಂ, ಟೈಟಾನಿಯಂಗಳಂಥ ಧಾತುಗಳನ್ನು ಚೂರು ಸೇರಿಸಿ ಬಲ ಹೆಚ್ಚಿಸಿದ ಉಕ್ಕುಗಳು ಹಿಂದಿನಿಂದಲೂ ಇವೆ; ಅವು ಅಧಿಕಬಲದವು ನಿಜ, ಈ ಬಳಗದವಲ್ಲ. ‘ಸುಧಾರಿತ’ ಎಂಬ ವಿಶೇಷಣ ಉಕ್ಕಿನ ಒಳರಚನೆಗೆ ಸಂಬಂಧಿಸಿದ್ದು. ಕಾಯಿಸುವ ಮತ್ತು ತಣಿಸುವ ಕ್ರಮವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟು, ಮೆದುವಾದ ಫೆರೈಟ್, ಅತಿ ಗಡುಸಾದ ಮಾರ್ಟೆನ್ಸೈಟ್, ಇವುಗಳ ನಡುವಿನ ಬೈನೈಟ್, ಉಳಿದುಕೊಂಡ ಆಸ್ಟೆನೈಟ್ ಮುಂತಾದ ಹರಳುರೂಪಗಳನ್ನು ಬೇಕಾದ ಪ್ರಮಾಣದಲ್ಲಿ ಬೆಳೆಸಿದ ಉಕ್ಕಿಗೆ ಆ ಹೆಸರು. ಡಿಪಿ780 ಎಂಬ ದರ್ಜೆಯನ್ನೇ ತೆಗೆದುಕೊಳ್ಳೋಣ. ಡಿಪಿ ಎಂದರೆ ಡ್ಯುಯೆಲ್ ಫೇಸ್, ಎರಡು ರೂಪಗಳ ಉಕ್ಕು. 780 ಎಂಬುದು ಅದು ತಾಳಲೇಬೇಕಾದ ಕನಿಷ್ಠ ಮೆಗಾಪ್ಯಾಸ್ಕಲ್. ಹಲ್ವದೊಳಗಿನ ಗೋಡಂಬಿ ಚೂರುಗಳ ಹಾಗೆ ಮೆದು ಫೆರೈಟಿನ ನಡುವೆ ಮಾರ್ಟೆನ್ಸೈಟಿನ ಸಣ್ಣ ನಡುಗಡ್ಡೆಗಳು ಹರಡಿಕೊಂಡಿರುತ್ತವೆ. ಇದನ್ನು ಬಾಗಿಸಿದಷ್ಟೂ ಇನ್ನಷ್ಟು ಗಡುಸಾಗುತ್ತದೆ, ಬಣ್ಣ ಹಾಕಿದ ಮೇಲೆ ಬಾಡಿಯನ್ನು ಸುಮಾರು 170 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಕಾಯಿಸಿದಾಗ ಮತ್ತೂ ಸ್ವಲ್ಪ ಬಲ ಪಡೆಯುತ್ತದೆ. ಟ್ರಿಪ್ ಎಂಬ ಇನ್ನೊಂದು ಬಗೆಯ ಉಕ್ಕಿನಲ್ಲಿ ಉಳಿದುಕೊಂಡ ಆಸ್ಟೆನೈಟ್ ಡಿಕ್ಕಿಯ ಒತ್ತಡಕ್ಕೆ ಸಿಕ್ಕಿ ಆ ಕ್ಷಣದಲ್ಲೇ ಮಾರ್ಟೆನ್ಸೈಟ್ ಆಗಿ ಮಾರ್ಪಡುತ್ತದೆ. ನಮ್ಮಲ್ಲಿ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿಯೂ ಜಪಾನಿನ ಜೆಎಫ್‌ಇ ಕಂಪನಿಯ ತಂತ್ರಜ್ಞಾನದ ನೆರವಿನಿಂದ ಕಾರುಗಳಿಗೆ ಬೇಕಾದ ಉಕ್ಕಿನ ಹಾಳೆಗಳನ್ನು ತಯಾರಿಸುತ್ತಾರೆ.

ಅತ್ಯಂತ ಬಲವಾದ ಉಕ್ಕಿನಿಂದಲೇ ಇಡೀ ಕಾರನ್ನು ಕಟ್ಟಬಾರದೇಕೆ ಎಂಬ ಪ್ರಶ್ನೆ ಸಹಜ. ಕಟ್ಟಿದರೆ ಒಳಗಿರುವವರಿಗೇ ಕೇಡು. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ನಕ್ಷತ್ರದ ಅಂಕ ಕೊಡುವ ಭಾರತ್ ಎನ್‌ಸಿಎಪಿ ಯೋಜನೆ 2023ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಪರೀಕ್ಷೆಯಲ್ಲಿ ಕಾರಿನ ಮೂತಿಯ ಒಂದು ಪಾಲು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಬಡಿಯುತ್ತದೆ. ಆ ವೇಗದ ಶಕ್ತಿಯೆಲ್ಲ ಎಲ್ಲಾದರೂ ಕರಗಲೇಬೇಕು. ಎಂಜಿನ್ನಿನ ಎರಡೂ ಪಕ್ಕದ ಉದ್ದುದ್ದ ತೊಲೆಗಳು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಕುಸಿದರೆ ಆ ಶಕ್ತಿ ಮಡಚುವ ಕೆಲಸದಲ್ಲಿ ಖರ್ಚಾಗುತ್ತದೆ; ಕುಸಿಯದೆ ನಿಂತರೆ ಅಷ್ಟೂ ಹೊಡೆತ ಸೀಟಿನಲ್ಲಿ ಕುಳಿತವರ ಎದೆಗೆ ದಾಟುತ್ತದೆ. ಆದ್ದರಿಂದ ಮೂತಿಯ ಭಾಗಕ್ಕೆ ಬಿರುಕು ಬಿಡದೆ ಮಡಚಿಕೊಳ್ಳುವ ಡ್ಯುಯೆಲ್ ಫೇಸ್ ಜಾತಿಯ ಉಕ್ಕು ಬೇಕು. ಜನ ಕೂರುವ ಗೂಡಿನ ಮಾತು ಬೇರೆ. ಪಕ್ಕದಿಂದ ಬಡಿದಾಗ ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಇರುವುದು ಒಂದು ಗೇಣಿನಷ್ಟು ಜಾಗ. ಮಡಚಿ ಶಕ್ತಿ ಕರಗಿಸಲು ಅಲ್ಲಿ ಅವಕಾಶವೇ ಇಲ್ಲ. ಅಲ್ಲಿನ ಲೋಹ ಜಗ್ಗದೆ ನಿಲ್ಲಬೇಕು.

ಜಗ್ಗದೆ ನಿಲ್ಲುವ ಆ ಲೋಹದ ಕಥೆ ಸ್ವಾರಸ್ಯವಾದದ್ದು. ಕುಲುಮೆಯಲ್ಲಿ ಕುಡುಗೋಲು ಹಣಿಯುವ ಕಮ್ಮಾರ ಕೆಂಪಗೆ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಬಡಿದು ಆಕಾರಕ್ಕೆ ತರುತ್ತಾನೆ, ಆಮೇಲೆ ಮತ್ತೆ ಕಾಯಿಸಿ, ಚೊಯ್ಯೆಂದು ನೀರಿಗೆ ಅದ್ದಿ ಹದ ಹಾಕುತ್ತಾನೆ. ಆಕಾರ ಕೊಡುವ ಮತ್ತು ಹದ ಹಾಕುವ ಈ ಎರಡು ಕೆಲಸಗಳನ್ನು ಒಂದೇ ಅಚ್ಚಿನೊಳಗೆ ಕೆಲವೇ ಸೆಕೆಂಡುಗಳಲ್ಲಿ ಮುಗಿಸುವ ವಿಧಾನಕ್ಕೆ ಹಾಟ್ ಸ್ಟ್ಯಾಂಪಿಂಗ್ ಎಂದು ಹೆಸರು. ಸ್ವೀಡನ್ನಿನ ಪ್ಲಾನ್ಯಾ ಎಂಬ ಕಂಪನಿ 1977ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಗರಗಸ ಮತ್ತು ಹುಲ್ಲು ಕತ್ತರಿಸುವ ಯಂತ್ರದ ಅಲಗುಗಳಿಗಾಗಿ. 1984ರಲ್ಲಿ ಅದೇ ದೇಶದ ಸಾಬ್ ಕಂಪನಿ ತನ್ನ 9000 ಮಾದರಿಯಲ್ಲಿ ಹೀಗೆ ಗಡುಸುಗೊಳಿಸಿದ ಬಿಡಿಭಾಗವನ್ನು ಮೊದಲ ಬಾರಿಗೆ ಕಾರಿಗೆ ತಂದಿತು.

ಇದಕ್ಕೆ ಬಳಸುವ ಉಕ್ಕಿನ ಹೆಸರು 22ಎಂಎನ್‌ಬಿ5. ಹೆಸರೇ ಪಾಕಪಟ್ಟಿ: 22 ಎಂದರೆ ಶೇ 0.22ರಷ್ಟು ಇಂಗಾಲ, ಎಂಎನ್ ಮ್ಯಾಂಗನೀಸ್, ಬಿ ಬೋರಾನ್, ಕೊನೆಯ 5ನ್ನು ಯುರೋಪಿನ ಪದ್ಧತಿಯಂತೆ ನಾಲ್ಕರಿಂದ ಭಾಗಿಸಿದರೆ ಮ್ಯಾಂಗನೀಸಿನ ಪ್ರಮಾಣ, ಶೇ 1.25ರ ಆಸುಪಾಸು, ಸಿಗುತ್ತದೆ. ಬೋರಾನ್ ಎಷ್ಟು ಅಂದರೆ ಒಂದು ಟನ್ ಉಕ್ಕಿಗೆ ಸುಮಾರು ಮೂವತ್ತು ಗ್ರಾಮ್, ಒಂದು ಹಿಡಿಯೂ ಅಲ್ಲ. ಅಷ್ಟೇ ಬೋರಾನ್ ಹರಳುಗಳ ಅಂಚುಗಳಲ್ಲಿ ಸೇರಿಕೊಂಡು, ತಣಿಯುವಾಗ ಮೆದು ಫೆರೈಟ್ ಹುಟ್ಟದಂತೆ ತಡೆಯುತ್ತದೆ. ಸುಮಾರು 600 ಮೆಗಾಪ್ಯಾಸ್ಕಲ್‌ನ ಹಾಳೆಯನ್ನು 900ರಿಂದ 950 ಡಿಗ್ರಿಗೆ ಕಾಯಿಸಿ, ಕೆಂಡದಂತೆ ಹೊಳೆಯುತ್ತಿರುವಾಗಲೇ ರೋಬೋಟ್ ಕೈಯಿಂದ ಅಚ್ಚಿಗಿಟ್ಟು ಒತ್ತುತ್ತಾರೆ. ಅಚ್ಚಿನ ಒಳಗೆ ಕೊರೆದ ನಾಳಗಳಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಅಚ್ಚು ಮುಚ್ಚಿಕೊಂಡೇ ಇರುವಾಗ ಹಾಳೆ ಪ್ರತಿ ಸೆಕೆಂಡಿಗೆ ಸುಮಾರು 27 ಡಿಗ್ರಿಗಿಂತ ವೇಗವಾಗಿ ತಣಿದರೆ ಅದರ ಒಳರಚನೆಯೆಲ್ಲ ಮಾರ್ಟೆನ್ಸೈಟ್ ಆಗುತ್ತದೆ. ಹೊರಬಂದ ಭಾಗದ ಬಲ 1500 ಮೆಗಾಪ್ಯಾಸ್ಕಲ್. ‘ಕಬ್ಬಿಣ ಕಾದಾಗಲೇ ಬಡಿ’ ಎಂಬ ಗಾದೆ ಇಲ್ಲಿ ಕೈಪಿಡಿಯ ಸೂಚನೆಯೇ ಸರಿ, ಏಕೆಂದರೆ ತಣಿದ ಮೇಲೆ ಆ ಲೋಹಕ್ಕೆ ತೂತು ಕೊರೆಯುವುದೂ ಕಷ್ಟವಾಗಿ ಅಂಚುಗಳನ್ನು ಸಾಮಾನ್ಯವಾಗಿ ಲೇಸರ್‌ನಿಂದ ಕತ್ತರಿಸುತ್ತಾರೆ.

ಮುಂಬಾಗಿಲು ಮತ್ತು ಹಿಂಬಾಗಿಲಿನ ನಡುವೆ, ಸೀಟ್ ಬೆಲ್ಟ್ ಇಳಿದುಬರುವ ಕಂಬವನ್ನು ಬಿ ಪಿಲ್ಲರ್ ಎನ್ನುತ್ತಾರೆ. ಹಾಟ್ ಸ್ಟ್ಯಾಂಪಿಂಗ್‌ನ ಕೈಚಳಕವನ್ನು ನೋಡಬೇಕಾದದ್ದು ಅಲ್ಲಿ. ಕೆಲವು ಕಾರುಗಳಲ್ಲಿ ಅಚ್ಚಿನ ಮೇಲ್ಭಾಗವನ್ನು ತಣ್ಣಗಿಟ್ಟು ಕೆಳಭಾಗವನ್ನು ಬೇಕೆಂದೇ ಬಿಸಿಯಾಗಿ ಇಡುತ್ತಾರೆ. ಆಗ ಒಂದೇ ಕಂಬದಲ್ಲಿ ತಲೆ ಮತ್ತು ಎದೆಯ ಮಟ್ಟದ ಲೋಹ ಗಡುಸಾಗಿಯೂ, ನಿಧಾನವಾಗಿ ತಣಿದ ಬುಡದ ಲೋಹ ಮೆದುವಾಗಿಯೂ ಉಳಿಯುತ್ತದೆ. ಪಕ್ಕದಿಂದ ಡಿಕ್ಕಿಯಾದಾಗ ಕಂಬ ಎದೆಯ ಎದುರಲ್ಲಿ ಬಾಗದೆ, ಮೈ ಹೆಚ್ಚು ಹೊಡೆತ ತಾಳಬಲ್ಲ ಸೊಂಟದ ಕೆಳಗೆ ಬಾಗುತ್ತದೆ. ಎಲ್ಲಿ ಸೋಲಬೇಕೆಂಬುದನ್ನೂ ಕಂಬಕ್ಕೆ ಮೊದಲೇ ಕಲಿಸಿದ ಹಾಗೆ.

ಉಕ್ಕಿನ ಉದ್ಯಮ ಇಷ್ಟೆಲ್ಲ ಶ್ರಮ ವಹಿಸಿದ್ದಕ್ಕೆ ಅಲ್ಯೂಮಿನಿಯಂನ ಪೈಪೋಟಿಯೂ ಒಂದು ಕಾರಣ. 1994ರಿಂದ 1998ರವರೆಗೆ 35 ಉಕ್ಕು ಕಂಪನಿಗಳು ಒಟ್ಟಾಗಿ, ಪೋರ್ಷೆಯ ಎಂಜಿನಿಯರಿಂಗ್ ವಿಭಾಗದ ಮೂಲಕ ‘ಉಲ್ಸಾಬ್’ ಎಂಬ ಹಗುರ ಬಾಡಿಯ ಯೋಜನೆ ನಡೆಸಿ, ಉಕ್ಕಿನಿಂದಲೇ ತೂಕವನ್ನು ಸುಮಾರು ಕಾಲು ಭಾಗದಷ್ಟು ಇಳಿಸಬಹುದೆಂದು ತೋರಿಸಿದವು. ಬಲ ಹೆಚ್ಚಾದಂತೆ ಹಾಳೆ ತೆಳುವಾಗಬಹುದು ಎಂಬುದೇ ಇದರ ತಿರುಳು. ಇದಕ್ಕೊಂದು ಮಿತಿಯೂ ಇದೆ. ಬಲ ಐದು ಪಟ್ಟಾದರೂ ಉಕ್ಕಿನ ಬಿಗಿತ, ಅಂದರೆ ಸಣ್ಣ ಒತ್ತಡಕ್ಕೆ ಬಳುಕದಿರುವ ಗುಣ, ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಹಾಳೆಯನ್ನು ಮನಸ್ಸಿಗೆ ಬಂದಷ್ಟು ತೆಳುಗೊಳಿಸಲು ಆಗುವುದಿಲ್ಲ. ಪ್ರಚಾರಪತ್ರದಲ್ಲಿ ‘ಶೇಕಡಾ ಇಷ್ಟು ಅಧಿಕಬಲದ ಉಕ್ಕು’ ಎಂದಷ್ಟೇ ಇದ್ದರೆ ನನ್ನ ಮಟ್ಟಿಗೆ ಅದು ಅರ್ಧ ಮಾಹಿತಿ. ಹಳೆಯ ಬಗೆಯನ್ನೂ ಹೊಸ ಬಗೆಯನ್ನೂ ಒಟ್ಟಿಗೆ ಎಣಿಸಿರಬಹುದು. ಯಾವ ದರ್ಜೆ, ಯಾವ ಭಾಗದಲ್ಲಿ ಎಂದು ಹೇಳಿದಾಗ ಮಾತ್ರ ಆ ಅಂಕಿಗೆ ಅರ್ಥ ಬರುತ್ತದೆ.

ಅಪಘಾತವಾದ ಗಾಡಿಯನ್ನು ಗ್ಯಾರೇಜಿಗೆ ಎಳೆತಂದಾಗ ಈ ಪದದ ಅರ್ಥ ಇನ್ನೊಂದು ರೀತಿಯಲ್ಲಿ ಎದುರಾಗುತ್ತದೆ. ಟಿಂಕರಿಂಗ್ ಕೆಲಸದವರು ಬಾಗಿದ ಭಾಗವನ್ನು ಗ್ಯಾಸ್ ಜ್ವಾಲೆಯಿಂದ ಕಾಯಿಸಿ, ಬಡಿದು ನೇರ ಮಾಡುವುದು ವಾಡಿಕೆ. ಮೆದು ಉಕ್ಕಿಗೆ ಅದು ನಡೆಯುತ್ತಿತ್ತು. ಹಾಟ್ ಸ್ಟ್ಯಾಂಪಿಂಗ್‌ನಿಂದ ಬಂದ ಬಿ ಪಿಲ್ಲರಿಗೆ ಹಾಗೆ ಜ್ವಾಲೆ ಹಿಡಿದರೆ ಮಾರ್ಟೆನ್ಸೈಟ್ ಸಡಿಲಗೊಂಡು, ಕಾರ್ಖಾನೆಯಲ್ಲಿ ಹಾಕಿದ ಹದವೇ ಇಳಿದುಹೋಗುತ್ತದೆ, ಬಣ್ಣ ಬಳಿದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅಂಥ ಭಾಗವನ್ನು ಕಾಯಿಸಿ ರಿಪೇರಿ ಮಾಡದೆ, ತಯಾರಕರು ಗುರುತಿಸಿದ ಜಾಗದಲ್ಲಿ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಅಗ್ನಿಶಾಮಕ ದಳದವರಿಗೂ ಇದೇ ಲೋಹ ಸವಾಲಾಗಿದೆ: ಹಳೆಯ ಹೈಡ್ರಾಲಿಕ್ ಕತ್ತರಿಗಳು ಇದರ ಮುಂದೆ ಸೋತದ್ದರಿಂದ ಹೆಚ್ಚು ಶಕ್ತಿಯ ಕತ್ತರಿಗಳು ಬಂದವು, ಮತ್ತು ಗಡುಸು ಉಕ್ಕು ಎಲ್ಲೆಲ್ಲಿದೆ ಎಂದು ಚಿತ್ರದಲ್ಲಿ ತೋರಿಸುವ ರಕ್ಷಣಾ ಹಾಳೆಗಳನ್ನು ತಯಾರಕರು ಮಾದರಿಗೊಂದರಂತೆ ಹೊರತರತೊಡಗಿದರು.