ಕತ್ತಿನ ಕಪ್ಪು ಕೊಳೆಯಲ್ಲ

ಹನ್ನೊಂದು ವರ್ಷದ ಮಗಳನ್ನು ಕರೆತಂದ ತಾಯಿಯ ದೂರು ತೂಕದ ಬಗ್ಗೆ ಇರಲಿಲ್ಲ, ಕತ್ತಿನ ಬಗ್ಗೆ ಇತ್ತು. "ಎಷ್ಟು ಉಜ್ಜಿದರೂ ಹೋಗುವುದಿಲ್ಲ ಡಾಕ್ಟರೇ. ಸರಿಯಾಗಿ ಸ್ನಾನ ಮಾಡುವುದಿಲ್ಲ ಇವಳು." ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಕತ್ತಿನ ಹಿಂದಿನ ಕಪ್ಪು ಪಟ್ಟಿಯ ಮೇಲೆ ಉಜ್ಜಿ ಉಜ್ಜಿ ಎದ್ದ ಕೆಂಪು ಗೀರುಗಳಿದ್ದವು.

ಅದು ಕೊಳೆಯಲ್ಲ. ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಎಂದು ಅದಕ್ಕೆ ಹೆಸರು. ಮೈಯಲ್ಲಿ ಕೊಬ್ಬು ಮಿತಿಮೀರಿದಾಗ ಜೀವಕೋಶಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಅವನ್ನು ಒಪ್ಪಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ರಕ್ತದಲ್ಲಿ ಏರಿದ ಆ ಇನ್ಸುಲಿನ್ ಚರ್ಮದ ಕೋಶಗಳನ್ನು ಕೆರಳಿಸಿ, ಕತ್ತು ಮತ್ತು ಕಂಕುಳಿನ ಚರ್ಮ ದಪ್ಪಗೆ, ಕಪ್ಪಗೆ, ಮಖಮಲ್ಲಿನಂತೆ ಆಗುತ್ತದೆ. ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆಯನ್ನು ಮೈ ಹೀಗೆ ಮೊದಲೇ ಬರೆದು ತೋರಿಸುತ್ತದೆ. ಇಷ್ಟನ್ನು ಹೇಳಿದಾಗ ಹುಡುಗಿ ಮೊದಲ ಬಾರಿಗೆ ತಲೆಯೆತ್ತಿ, "ನಾನು ದಿನಾಲೂ ಸ್ನಾನ ಮಾಡುತ್ತೇನೆ" ಎಂದಳು.

ದಪ್ಪ ಮಕ್ಕಳ ವಿಷಯದಲ್ಲಿ ಈ ತಪ್ಪು ಓದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದೇಹದ ಲಕ್ಷಣವನ್ನು ನಾವು ಸ್ವಭಾವದ ದೋಷವಾಗಿ ಓದಿಬಿಡುತ್ತೇವೆ. ತರಗತಿಯಲ್ಲಿ ತೂಕಡಿಸುವ ಹುಡುಗನಿಗೆ ಸೋಮಾರಿ ಎಂಬ ಬಿರುದು ಸಿಕ್ಕಿರುತ್ತದೆ. ರಾತ್ರಿ ಗೊರಕೆ ಹೊಡೆಯುತ್ತಾನೆಯೇ ಎಂದು ಕೇಳಿದರೆ ಮನೆಯವರು ನಗುತ್ತಾರೆ. ಗಂಟಲ ಸುತ್ತಲಿನ ಕೊಬ್ಬು ಮತ್ತು ಊದಿದ ಟಾನ್ಸಿಲ್ ಸೇರಿ ನಿದ್ದೆಯಲ್ಲಿ ಉಸಿರಿನ ದಾರಿಯನ್ನು ಪದೇ ಪದೇ ಮುಚ್ಚುತ್ತವೆ. ಪ್ರತಿ ಸಲವೂ ಮೆದುಳು ಅರೆ ಎಚ್ಚರಗೊಳ್ಳುತ್ತದೆ. ಹತ್ತು ಗಂಟೆ ಹಾಸಿಗೆಯಲ್ಲಿದ್ದರೂ ಅವನು ನಿದ್ದೆ ಮಾಡಿರುವುದಿಲ್ಲ. ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವಿಕೆ ಮರಳುವುದೂ ಇದರಿಂದಲೇ ಇರಬಹುದು. ಅದಕ್ಕೂ ಬೈಗುಳ ತಿಂದಿರುತ್ತಾನೆ.

ಮೊಣಕಾಲು ನೋವೆಂದು ಆಟಕ್ಕೆ ಹೋಗದವಳದು ನೆಪ ಎನ್ನುತ್ತಾರೆ. ಇಲ್ಲಿ ಮಾತ್ರ ನಾನು ದನಿ ಏರಿಸುತ್ತೇನೆ. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ, ಭಾರ ತಾಳದೆ ತೊಡೆಮೂಳೆಯ ತಲೆ ಬೆಳವಣಿಗೆಯ ಪಟ್ಟಿಯಲ್ಲಿ ಜಾರಬಹುದು. ಕೆಟ್ಟಿರುವುದು ಸೊಂಟದ ಕೀಲಾದರೂ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳಬಹುದು. ದಪ್ಪ ಮಗು ಕುಂಟಿದರೆ ಕಾಲಿನ ಮೇಲೆ ಭಾರ ಹಾಕಲು ಬಿಡದೆ ಅದೇ ದಿನ ಸೊಂಟದ ಎಕ್ಸ್-ರೇ ಆಗಬೇಕು. ಮೂಳೆ ಜಾರಿದ್ದರೆ ಬಹುಪಾಲು ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ, ತಡ ಮಾಡಿದರೆ ಕೀಲು ಶಾಶ್ವತವಾಗಿ ಹಾಳಾಗಬಹುದು.

ಯಕೃತ್ತಿನ ಕೊಬ್ಬು, ರಕ್ತದೊತ್ತಡ, ಕೊಲೆಸ್ಟರಾಲ್ ಇವು ಹೊರಗೆ ಏನನ್ನೂ ತೋರಿಸುವುದಿಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು. "ಥೈರಾಯಿಡ್ ಇರಬಹುದೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಗು ಎತ್ತರದಲ್ಲಿ ಚೆನ್ನಾಗಿ ಬೆಳೆಯುತ್ತಿದ್ದರೆ ಹಾರ್ಮೋನಿನ ಕಾಯಿಲೆಯ ಸಾಧ್ಯತೆ ಬಹಳ ಕಡಿಮೆ.

ಮನಸ್ಸಿಗೆ ಆಗುವ ಗಾಯಕ್ಕೆ ರಕ್ತಪರೀಕ್ಷೆ ಇಲ್ಲ. ದಿಂಬಿನ ಕೆಳಗೆ ತಿಂಡಿಯ ಖಾಲಿ ಪೊಟ್ಟಣ ಸಿಕ್ಕಿತೆಂದು ತಂದೆಯೊಬ್ಬರು ಕಳ್ಳನನ್ನು ಹಿಡಿದವರಂತೆ ಹೇಳಿದರು. ಅಣ್ಣನ ತಟ್ಟೆಗೆ ಬೀಳುವುದು ತನ್ನ ತಟ್ಟೆಗೆ ಬೀಳದಿದ್ದಾಗ ಮಗು ಕದ್ದು, ಆತುರಾತುರವಾಗಿ ತಿನ್ನುತ್ತದೆ, ಆಮೇಲೆ ನಾಚಿಕೊಳ್ಳುತ್ತದೆ, ಆ ನಾಚಿಕೆಗೆ ಮತ್ತೆ ತಿನ್ನುತ್ತದೆ. ಮನೆಯವರ ಗೇಲಿಗೆ ಗುರಿಯಾದ ಮಕ್ಕಳ ತೂಕ ಇಳಿಯುವುದಿಲ್ಲ, ಇನ್ನೂ ಏರುವ ಸಂಭವವೇ ಹೆಚ್ಚು ಎಂದು ಅಧ್ಯಯನಗಳು ಕಂಡಿವೆ. ಎದೆಯ ಭಾಗ ಉಬ್ಬಿದ ಹುಡುಗ ಎಲ್ಲರೆದುರು ಅಂಗಿ ತೆಗೆಯಲಾರದೆ ಈಜು ಬಿಡುತ್ತಾನೆ. ಬೇಗ ಮೈನೆರೆಯುವ ಹುಡುಗಿಯ ಕಷ್ಟ ಬೇರೆ: ಒಂಬತ್ತು ವರ್ಷದವಳು ಹದಿಮೂರರವಳಂತೆ ಕಾಣುತ್ತಾಳೆ, ಸುತ್ತಲಿನವರು ಹದಿಮೂರರ ವಿವೇಕವನ್ನು ಅವಳಿಂದ ನಿರೀಕ್ಷಿಸುತ್ತಾರೆ. 'ಡುಮ್ಮಿ' ಎಂದು ಮುದ್ದಿಗೆ ಕರೆದದ್ದು ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಆ ಮುದ್ದು ಯಾರಿಗೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜು 1990ರಲ್ಲಿ ಶೇ 2ರಷ್ಟಿತ್ತು, 2022ರಲ್ಲಿ ಶೇ 8. ಮೂವತ್ತೆರಡು ವರ್ಷದಲ್ಲಿ ಮಕ್ಕಳ ಸೋಮಾರಿತನವೇ ನಾಲ್ಕು ಪಟ್ಟಾಯಿತೆಂದು ನಂಬುವವರಿಗೆ ನನ್ನಲ್ಲಿ ಔಷಧವಿಲ್ಲ. ಬದಲಾದದ್ದು ಅವರ ಸುತ್ತಲಿನ ತಿನಿಸು, ಪರದೆ, ನಿದ್ದೆ, ಆಟದ ಬಯಲು. ಅದಕ್ಕೇ ಒಂದು ಮಗುವಿಗಾಗಿ ಬೇರೆ ಅಡುಗೆ ಮಾಡಬೇಡಿ, ಇಡೀ ಮನೆಯ ಊಟ ಬದಲಿಸಿ ಎನ್ನುತ್ತೇನೆ. ಹಿರಿಯರ ಮುಖ ಸಣ್ಣಗಾಗುವುದು ಆಗಲೇ.

ನಾನೂ ಸಾಚಾ ಅಲ್ಲ. ವೃತ್ತಿಯ ಆರಂಭದಲ್ಲಿ ಹುಡುಗನೊಬ್ಬನ ತೂಕವನ್ನು ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದ್ದೆ. ಅವನು ಮತ್ತೆ ಬರಲಿಲ್ಲ. ಈಗ ತಕ್ಕಡಿ ಒಳಕೋಣೆಯಲ್ಲಿದೆ. ಬೆಳೆಯುವ ಮಕ್ಕಳಲ್ಲಿ ಅನೇಕರು ತೂಕ ಇಳಿಸಬೇಕಾಗಿಯೇ ಇಲ್ಲ, ಏರದಂತೆ ತಡೆದರೆ ಸಾಕು. 140 ಸೆಂಟಿಮೀಟರ್ ಎತ್ತರ, 50 ಕಿಲೋ ಇರುವ ಮಗುವಿನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 25.5. ಅದೇ ತೂಕದಲ್ಲಿ 146ಕ್ಕೆ ಬೆಳೆದರೆ 23.5.

ಆ ಹುಡುಗಿ ಆರು ತಿಂಗಳ ನಂತರ ಬಂದಳು. ತೂಕ ಹೆಚ್ಚುಕಡಿಮೆ ಅಷ್ಟೇ, ಎತ್ತರ ಮೂರು ಸೆಂಟಿಮೀಟರ್ ಹೆಚ್ಚಿತ್ತು. ಕತ್ತಿನ ಕಪ್ಪು ಇನ್ನೂ ಹೋಗಿರಲಿಲ್ಲ. ಉಜ್ಜಿದ ಗೀರುಗಳು ಮಾತ್ರ ಇರಲಿಲ್ಲ.