ಹೊಂಗೆಮರದ ದೆವ್ವಕ್ಕೆ ಐದು ವೋಲ್ಟ್

ಕನಕಪುರ ರಸ್ತೆಯ ಆಚೆ, ರಾಗಿ ಕೊಯ್ಲಾದ ಮೇಲೆ ನಾವು ಕೆಲವರು ಮಾದರಿ ವಿಮಾನ ಹಾರಿಸುವ ಒಂದು ಹೊಲವಿದೆ. ಅದರ ಒಂದು ಮೂಲೆಯಲ್ಲಿ ಹೊಂಗೆಮರ. ಆ ಮೂಲೆಗೆ ಹೋದರೆ ಸಿಗ್ನಲ್ ಕಟ್ಟಾಗುತ್ತದೆ ಎನ್ನುವುದು ನಮ್ಮ ಗುಂಪಿನ ನಂಬಿಕೆ, ಏಕೆಂದರೆ ಎರಡು ವರ್ಷದಲ್ಲಿ ಮೂರು ವಿಮಾನ ಅಲ್ಲೇ ಬಿದ್ದಿವೆ. ಅರ್ಧ ಕಿಲೋಮೀಟರ್ ದೂರದ ಹೈಟೆನ್ಷನ್ ಲೈನನ್ನು ಕೆಲವರು ಬೈಯುತ್ತಾರೆ. ಒಬ್ಬರಂತೂ ಹಾರಿಸುವ ಮುನ್ನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಇಡಲಿ, ಜಗಳವಿಲ್ಲ, ಆಯುಧಪೂಜೆಯ ದಿನ ವಿಮಾನ ಆಡಿಸುವ ನನ್ನ ರೇಡಿಯೋ ರಿಮೋಟಿಗೂ ಕುಂಕುಮ ಬೀಳುತ್ತದೆ. ನಿಂಬೆಹಣ್ಣು ಇಟ್ಟ ಮೇಲೆ ಮೀಟರ್ ಇಡುವುದನ್ನು ಬಿಟ್ಟುಬಿಡುತ್ತಾರಲ್ಲ, ಸಿಟ್ಟು ಬರುವುದು ಅದಕ್ಕೆ.

ಮೂರನೆಯದಾಗಿ ಬಿದ್ದದ್ದು ನನ್ನ ತಂಗಿಯ ಮಗನದು. ಎರಡು ಮೋಟಾರಿನ ವಿಮಾನ. ಏಲೆರಾನ್‌ಗೆ ಎರಡು, ಫ್ಲ್ಯಾಪ್‌ಗೆ ಎರಡು, ಎಲಿವೇಟರ್‌ಗೆ ಎರಡು, ರಡ್ಡರ್‌ಗೊಂದು, ಮುಂಚಕ್ರಕ್ಕೊಂದು, ಒಟ್ಟು ಎಂಟು ಸರ್ವೋ, ಅಂದರೆ ರೆಕ್ಕೆ ಬಾಲಗಳ ಈ ಆಡುವ ಪಟ್ಟಿಗಳನ್ನೂ ಚಕ್ರವನ್ನೂ ತಿರುಗಿಸುವ ಪುಟ್ಟ ಮೋಟಾರುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವಲ್ಲ, 9 ಗ್ರಾಂನ ನೀಲಿ ಬಣ್ಣದವು. ಹುಲ್ಲಿನಲ್ಲಿ ರೆಕ್ಕೆಯ ಚೂರು ಆರಿಸುತ್ತಲೇ ಅವನು, "ಮಾಮ, ಪವರ್ ಕಮ್ಮಿಯಾಗೋ ಚಾನ್ಸೇ ಇಲ್ಲ. ಎರಡು ಇಎಸ್‌ಸಿ ಇದೆ, ಒಂದೊಂದರ ಬಿಇಸಿ 3 ಆಂಪ್ ಕೊಡುತ್ತೆ. ಮೂರೂ ಮೂರೂ ಆರು" ಎಂದ. ಇಎಸ್‌ಸಿ ಎಂದರೆ ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟು.

ಈ ಮೂರೂ ಮೂರೂ ಆರು ಎನ್ನುವ ಲೆಕ್ಕಕ್ಕಾಗಿಯೇ ಈ ಲೇಖನ.

ಬಿಇಸಿ ಎಂದರೆ ಬ್ಯಾಟರಿ ಎಲಿಮಿನೇಟರ್ ಸರ್ಕ್ಯೂಟ್. ಹೆಸರು ಹಳೆಯದು. 1920ರ ದಶಕದಲ್ಲಿ ಮನೆಯ ರೇಡಿಯೋಗಳಿಗೆ ಬ್ಯಾಟರಿಯ ಬದಲು ಗೋಡೆಯ ಕರೆಂಟು ಒದಗಿಸುವ ಡಬ್ಬಿಯನ್ನು ಬ್ಯಾಟರಿ ಎಲಿಮಿನೇಟರ್ ಎನ್ನುತ್ತಿದ್ದರು. ಮಾದರಿ ವಿಮಾನಗಳಲ್ಲೂ, ರೇಡಿಯೋದ ಸಂಜ್ಞೆ ಹಿಡಿದು ಸರ್ವೋಗಳಿಗೆ ಕಳಿಸುವ ರಿಸೀವರ್‌ಗೆಂದೇ ನಾಲ್ಕು ಸೆಲ್‌ಗಳ ಬೇರೆ ಕಟ್ಟು ಇರುತ್ತಿತ್ತು. ನಿಕಲ್ ಕ್ಯಾಡ್ಮಿಯಂ ಸೆಲ್ ಒಂದಕ್ಕೆ 1.2 ವೋಲ್ಟ್, ನಾಲ್ಕಕ್ಕೆ 4.8. ಇಂದಿನ 5 ವೋಲ್ಟಿನ ಮೂಲ ಆ ನಾಲ್ಕು ಸೆಲ್‌ಗಳೇ. ಈಗ ಮೋಟಾರಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ವೋಲ್ಟೇಜನ್ನೇ 5ಕ್ಕೆ ಇಳಿಸಿ ಕೊಡುವ ಪುಟ್ಟ ಸರ್ಕ್ಯೂಟು ಇಎಸ್‌ಸಿಯ ಒಳಗೇ ಕೂತಿರುತ್ತದೆ.

ಮೊದಲು ಸರ್ವೋಗೆ ಎಷ್ಟು ಕರೆಂಟು ಬೇಕು ಎನ್ನುವುದನ್ನು ನೋಡೋಣ. ತಿರುಗುತ್ತಿರುವ ಮೋಟಾರು ಡೈನಮೋ ಕೂಡ ಹೌದು. ತಿರುಗುತ್ತಲೇ ತಾನೂ ವೋಲ್ಟೇಜ್ ಹುಟ್ಟಿಸಿ, ಒಳಬರುವ ಕರೆಂಟನ್ನು ಎದುರು ತಳ್ಳುತ್ತಿರುತ್ತದೆ. ನಿಂತ ಮೋಟಾರಿಗೆ ಈ ಎದುರುತಳ್ಳು ಇಲ್ಲ. ಸುರುಳಿಯ ರೋಧ 7 ಓಮ್ ಇದ್ದರೆ 5ನ್ನು 7ರಿಂದ ಭಾಗಿಸಿ, ಸುಮಾರು 0.7 ಆಂಪಿಯರ್. ಸರಾಗವಾಗಿ ತಿರುಗುವಾಗ ಒಂದೋ ಎರಡೋ ನೂರು ಮಿಲಿಆಂಪಿಯರ್ ಸಾಕಾದ ಸರ್ವೋ, ಹೊರಡುವ ಗಳಿಗೆಯಲ್ಲೂ ಗಾಳಿಗೆ ಎದುರಾಗಿ ಹೆಣಗುವಾಗಲೂ ಅದರ ಹಲವು ಪಟ್ಟು ಎಳೆಯುತ್ತದೆ. ಮಳೆಯಲ್ಲಿ ಕೆಟ್ಟುನಿಂತ ಆಟೋ ತಳ್ಳಿದವರಿಗೆ ಇದು ಗೊತ್ತು: ಬೆನ್ನು ಮುರಿಯುವುದು ಮೊದಲ ಎರಡು ಹೆಜ್ಜೆಯಲ್ಲಿ. ಎಂಟೂ ಸರ್ವೋ ಒಟ್ಟಿಗೆ ಹೊರಟರೆ ಕ್ಷಣಮಾತ್ರಕ್ಕೆ 5.6 ಆಂಪಿಯರ್.

ಅಂದ ಮೇಲೆ 6 ಇದೆ, 5.6 ಬೇಕು, ಸಾಲುತ್ತದಲ್ಲ? ಇಲ್ಲ. ಎರಡು ಬಿಇಸಿಗಳ ಕೆಂಪು ತಂತಿಗಳು ರಿಸೀವರ್‌ನಲ್ಲಿ ಕೂಡಿದ ಮಾತ್ರಕ್ಕೆ ಅವು ಭಾರ ಸಮನಾಗಿ ಹಂಚಿಕೊಳ್ಳುವುದಿಲ್ಲ.

ನಮ್ಮ ಮನೆಯ ಸಂಪಿಗೆ ಕಾವೇರಿ ಪೈಪೂ ಬರುತ್ತದೆ, ಬೋರ್‌ವೆಲ್ ಪೈಪೂ ಬರುತ್ತದೆ. ಎರಡಕ್ಕೂ ಬಾಲ್ ವಾಲ್ವ್ ಇದೆ. ಪ್ಲಂಬರ್ ಕಾವೇರಿಯ ಬಾಲನ್ನು ಒಂದು ಇಂಚು ಮೇಲೆ ಹಾಕಿದ್ದಾನೆ. ಹಾಗಾಗಿ ಸಂಪು ತುಂಬುತ್ತ ಬಂದಾಗ ಬೋರ್‌ವೆಲ್ ವಾಲ್ವ್ ತನ್ನ ಮಟ್ಟ ಮುಟ್ಟಿತೆಂದು ಮುಚ್ಚಿಕೊಳ್ಳುತ್ತದೆ, ಮಿಕ್ಕ ಕೆಲಸವೆಲ್ಲ ಕಾವೇರಿಯದೇ. ಬಿಇಸಿಯೊಳಗೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ರೆಗ್ಯುಲೇಟರ್ ಕೂಡ ಇಂಥದೇ ಬಾಲ್ ವಾಲ್ವ್. ಒಂದರ ಮಟ್ಟ 5.05 ವೋಲ್ಟ್, ಇನ್ನೊಂದರದು 4.98 ಎನ್ನಿ. ಕಾರ್ಖಾನೆಯಿಂದ ಬಂದ ಯಾವ ಎರಡು ರೆಗ್ಯುಲೇಟರ್‌ಗಳೂ ಕೂದಲೆಳೆಯಷ್ಟು ಸಮ ಇರುವುದಿಲ್ಲ. 4.98ರದು ತಂತಿಯಲ್ಲಿ ಆಗಲೇ 5.05 ಕಂಡು, ನನ್ನ ಕೆಲಸ ಮುಗಿದಿದೆ ಎಂದು ಕೈಕಟ್ಟಿ ಕೂರುತ್ತದೆ. ಪಲ್ಲಕ್ಕಿ ಹೊರುವಾಗ ಒಬ್ಬ ಆರಡಿ, ಪಕ್ಕದವನು ಐದೂಕಾಲಡಿ ಇದ್ದರೆ ಕುಳ್ಳನ ಹೆಗಲಿಗೆ ಕಂಬವೇ ತಾಗದು. ಅವನ ಎರಡೂ ಕೈ ಮೇಲಿದ್ದರೂ ಹೊರುವವನು ಒಬ್ಬನೇ.

ಹಾಗಾದರೆ ಎರಡು ಮೂಲಗಳು ಭಾರ ಹಂಚಿಕೊಳ್ಳುವುದೇ ಇಲ್ಲವೇ ಎಂದರೆ, ಹಂಚಿಕೊಳ್ಳುತ್ತವೆ, ಸ್ವಲ್ಪ ಬಗ್ಗುವ ಗುಣ ಇದ್ದರೆ. ಶಿವನಸಮುದ್ರದಂಥ ಜಲವಿದ್ಯುತ್ ಕೇಂದ್ರಗಳಲ್ಲಿ ಹಲವು ಜನರೇಟರ್‌ಗಳು ಒಂದೇ ಲೈನಿಗೆ ಜೋಡಿಯಾಗಿ ತಿರುಗುತ್ತವೆ. ಭಾರ ಹೆಚ್ಚಿದಂತೆ ಪ್ರತಿಯೊಂದೂ ತುಸು ನಿಧಾನವಾಗುವಂತೆ ಅದರ ಗವರ್ನರ್ ಹೊಂದಿಸಿರುತ್ತಾರೆ. ಈ ಬೇಕೆಂದೇ ಇಟ್ಟ ಜಗ್ಗುವಿಕೆಯಿಂದ ಹೊರೆ ತಾನಾಗಿ ಹಂಚಿಹೋಗುತ್ತದೆ. ಆರಡಿಯವನು ಭಾರಕ್ಕೆ ಮಂಡಿ ಬಗ್ಗಿಸಿದರೆ ಕುಳ್ಳನ ಹೆಗಲಿಗೂ ಕಂಬ ಸಿಗುವುದಿಲ್ಲವೇ, ಹಾಗೆ. ಒಳ್ಳೆಯ ರೆಗ್ಯುಲೇಟರ್‌ನ ಹೆಮ್ಮೆಯೇ ಎಷ್ಟು ಭಾರ ಬಿದ್ದರೂ 5 ವೋಲ್ಟಿನಿಂದ ಅಲ್ಲಾಡದಿರುವುದು. ಅದರ ಒಳ್ಳೆಯತನವೇ ಇಲ್ಲಿ ಅಡ್ಡಿ.

ಲೀನಿಯರ್ ಬಿಇಸಿಗಳಲ್ಲಿ ಇನ್ನೊಂದು ತಾಪತ್ರಯ. ಅದು ಹೆಚ್ಚುವರಿ ವೋಲ್ಟೇಜನ್ನು ಬರೀ ಶಾಖವಾಗಿ ಸುಡುತ್ತದೆ. ಪೂರ್ತಿ ಚಾರ್ಜ್ ಆದ ಮೂರು ಸೆಲ್‌ನ ಲಿಪೋ 12.6 ವೋಲ್ಟ್, ಅದರಲ್ಲಿ 7.6 ವೋಲ್ಟ್ ಉರಿಯಬೇಕು. 2 ಆಂಪಿಯರ್ ಹರಿದರೆ 15 ವಾಟ್ ಬಿಸಿ. ನನ್ನ ಸೋಲ್ಡರಿಂಗ್ ಐರನ್ 25 ವಾಟಿನದು. ಅದರ ಅರ್ಧಕ್ಕಿಂತ ಹೆಚ್ಚು ಬಿಸಿ, ಪ್ಲಾಸ್ಟಿಕ್ ಸುತ್ತಿದ ಇಎಸ್‌ಸಿಯೊಳಗೆ, ಗಾಳಿಯಾಡದ ಎಂಜಿನ್ ಗೂಡಿನಲ್ಲಿ. ಚಿಪ್ ಬಿಸಿಯೇರಿ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಆಗ ಪೂರ್ತಿ ಹೊರೆ ಕುಳ್ಳನ ಮೇಲೆ, ಅವನೂ ಕುಸಿಯುತ್ತಾನೆ. ಸ್ವಿಚಿಂಗ್ ಬಿಇಸಿ ಹೀಗೆ ಸುಡುವುದಿಲ್ಲ, ನಲ್ಲಿಯನ್ನು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ಬೇಕಾದಷ್ಟೇ ಬಿಡುತ್ತದೆ. ಆದರೆ ಅಂಥ ಎರಡನ್ನು ಜೋಡಿಸುವುದು ಇನ್ನೂ ಕೆಟ್ಟದ್ದು: ಕೆಲವು ಬಗೆಯವು ಹೆಚ್ಚಿನ ವೋಲ್ಟೇಜ್ ಕಂಡರೆ ಸುಮ್ಮನಿರುವ ಬದಲು ಅದನ್ನು ಕೆಳಗೆ ಎಳೆಯಲು ನೋಡುತ್ತವೆ. ಒಬ್ಬ ತುಂಬುತ್ತಾನೆ, ಇನ್ನೊಬ್ಬ ಮೊಗೆದು ಚೆಲ್ಲುತ್ತಾನೆ.

ತಂತಿಯನ್ನೂ ಮರೆಯಬಾರದು. ಎರಡು ಮೋಟಾರಿನ ವಿಮಾನದಲ್ಲಿ ಇಎಸ್‌ಸಿ ಇರುವುದು ರೆಕ್ಕೆಯಲ್ಲಿ, ರಿಸೀವರ್ ಇರುವುದು ಹೊಟ್ಟೆಯಲ್ಲಿ. ನಡುವೆ 60 ಸೆಂಟಿಮೀಟರ್ ಸಣ್ಣ ತಂತಿ, ಹೋಗಿಬರುವುದು 1.2 ಮೀಟರ್. 26 ಗೇಜ್ ತಂತಿಯ ರೋಧ ಮೀಟರಿಗೆ ಸುಮಾರು 0.13 ಓಮ್. 4 ಆಂಪಿಯರ್ ಹರಿದರೆ ದಾರಿಯಲ್ಲೇ 0.6 ವೋಲ್ಟ್ ಮಾಯ.

ಇದನ್ನು ಮಹಡಿಯ ಮೇಲೆ ನೋಡಿದೆವು. ಅದೇ ಎರಡು ಇಎಸ್‌ಸಿ, ಅದೇ ಎಂಟು ಸರ್ವೋ, ಒಗೆಯುವ ಕಲ್ಲಿನ ಮೇಲೆ ಹರಡಿದ್ದವು. ಒಂದೊಂದನ್ನೇ ಆಡಿಸಿದರೆ ಏನೂ ಇಲ್ಲ. ನಾನು ಏಲೆರಾನ್ ಸರ್ವೋಗಳ ಕೈಗಳನ್ನು ಬೆರಳಲ್ಲಿ ಒತ್ತಿ ಹಿಡಿದೆ, ಅವನು ಫ್ಲ್ಯಾಪ್ ಇಳಿಸಿ ರೇಡಿಯೋದ ಎರಡೂ ಸ್ಟಿಕ್ಕುಗಳನ್ನು ಮೂಲೆಗೆ ತಳ್ಳಿದ. ಮೂರನೆಯ ಸಲಕ್ಕೆ ರಿಸೀವರ್‌ನ ಕೆಂಪು ದೀಪ ಒಮ್ಮೆ ಆರಿತು, ಆಮೇಲೆ ಮಿಣುಕತೊಡಗಿತು. ಮಲ್ಟಿಮೀಟರು ಮಾತ್ರ ಹೆಚ್ಚುಕಡಿಮೆ 5 ಎಂದೇ ತೋರಿಸುತ್ತಿತ್ತು. ಅಷ್ಟು ಕ್ಷಣಿಕ ಇಳಿತ ಹಿಡಿಯುವಷ್ಟು ಚುರುಕು ಅದಕ್ಕಿಲ್ಲ. ಅನೇಕ ರಿಸೀವರ್‌ಗಳು ಮೂರೂವರೆ ವೋಲ್ಟಿನ ಆಸುಪಾಸಿಗೆ ಇಳಿದರೆ ಸತ್ತು ಹುಟ್ಟುತ್ತವೆ, ಮತ್ತೆ ರೇಡಿಯೋ ಹುಡುಕಿಕೊಳ್ಳುವಷ್ಟರಲ್ಲಿ ವಿಮಾನ ಹುಲ್ಲಿನಲ್ಲಿರುತ್ತದೆ. ನೋಡುವವರಿಗೆ ಅದು "ಸಿಗ್ನಲ್ ಕಟ್ಟು".

ಇನ್ನು ಹೊಂಗೆಮರ. ನಮ್ಮ ಹೊಲದಲ್ಲಿ ಗಾಳಿ ಬಹುಪಾಲು ಒಂದೇ ಕಡೆಯಿಂದ ಬೀಸುತ್ತದೆ. ಗಾಳಿಗೆ ಎದುರಾಗಿ ಇಳಿಸಬೇಕು, ಹಾಗಾಗಿ ಎಲ್ಲರೂ ಕೊನೆಯ ತಿರುವು ತೆಗೆದುಕೊಳ್ಳುವುದು ಆ ಮೂಲೆಯಲ್ಲೇ. ಫ್ಲ್ಯಾಪ್ ಇಳಿಯುವುದು, ಏಲೆರಾನ್ ವಾಲುವುದು, ಎಲಿವೇಟರ್ ಏಳುವುದು, ರಡ್ಡರ್ ಹೊರಳುವುದು, ರಡ್ಡರ್ ಜೊತೆಗೇ ಮುಂಚಕ್ರ ತಿರುಗುವುದು ಎಲ್ಲ ಒಂದೇ ಉಸಿರಿನಲ್ಲಿ. ಅಷ್ಟೂ ಹೊತ್ತು ಬಿಸಿಯೇರಿದ ರೆಗ್ಯುಲೇಟರ್‌ಗೆ ಅತಿ ಹೆಚ್ಚು ಹೊರೆ ಬೀಳುವ ಜಾಗ ಅದು. ಮರವನ್ನು ಕಡಿದರೂ ವಿಮಾನ ಅಲ್ಲೇ ಬೀಳುತ್ತಿತ್ತು.

ರಿಪೇರಿಗೆ ಹಿಡಿದದ್ದು ಒಂದು ಸಂಜೆ. ಎರಡೂ ಇಎಸ್‌ಸಿಗಳ ಪ್ಲಗ್ಗಿನಲ್ಲಿ ನಡುವಿನ ಕೆಂಪು ತಂತಿಯ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಎತ್ತಿ, ಪಿನ್ನನ್ನು ಹಿಂದಕ್ಕೆ ಜಾರಿಸಿ, ಮಡಿಚಿ ಟೇಪು ಸುತ್ತಿದೆವು. ಕತ್ತರಿಸಲಿಲ್ಲ, ನಾಳೆ ಇನ್ನೊಂದು ವಿಮಾನಕ್ಕೆ ಬೇಕಾದೀತು. ಕಪ್ಪು ತಂತಿಯನ್ನು ಮುಟ್ಟಲಿಲ್ಲ, ಮುಟ್ಟಲೂಬಾರದು: ರಿಸೀವರ್ ಕಳಿಸುವ ಸಂಜ್ಞೆ ಎಷ್ಟು ಎತ್ತರದ್ದು ಎಂದು ಇಎಸ್‌ಸಿ ಅಳೆಯುವುದು ಅದರಿಂದಲೇ. ಸರ್ವೋಗಳಿಗೆಲ್ಲ 8 ಆಂಪಿಯರ್‌ನ ಒಂದೇ ಸ್ವಿಚಿಂಗ್ ಬಿಇಸಿ, ರಿಸೀವರ್‌ಗೆ ಅಂಟಿಕೊಂಡಂತೆ, ಗಿಡ್ಡ ದಪ್ಪ ತಂತಿಯಲ್ಲಿ. ಮಹಡಿಯ ಮೇಲೆ ಮತ್ತೆ ಬೆರಳಲ್ಲಿ ಒತ್ತಿ ಹಿಡಿದು ಸ್ಟಿಕ್ಕು ತಳ್ಳಿದೆವು. ದೀಪ ಆರಲಿಲ್ಲ.

ಭಾನುವಾರ ಹೊಂಗೆಮರದ ಮೇಲಿಂದ ಹನ್ನೊಂದು ಸಲ ತಿರುಗಿಸಿ ಇಳಿಸಿದ. ನಿಂಬೆಹಣ್ಣಿನವರು ಹತ್ತಿರ ಬಂದು ನೋಡಿ, "ಏನೋ ಕಟ್ಟಿಸಿಕೊಂಡು ಬಂದಿದ್ದೀಯ ಕಣಪ್ಪ" ಎಂದರು. ಅವನು ರೆಕ್ಕೆಯ ಅಡಿಯ ಟೇಪು ಸುತ್ತಿದ ಕೆಂಪು ತಂತಿ ತೋರಿಸಿ, "ಕಟ್ಟಿಸಿಲ್ಲ ಸಾರ್, ಬಿಚ್ಚಿಸಿದ್ದೀನಿ" ಎಂದ.